ಬೀಗರ ಮನೆಯ ಬಾದಾಮಿ ಹಾಲು

"ಇವತ್ತಿನಿಂದ ಒಂದು ತೊಟ್ಟು ಹಾಲು ಗಂಟಲಲ್ಲಿ ಇಳಿದರೆ ನಾನು ಷಡಕ್ಷರಪ್ಪನೇ ಅಲ್ಲ ಕಣೇ!"

ಅಜ್ಜಂಪುರದ ಗೊಬ್ಬರದಂಗಡಿ ಷಡಕ್ಷರಪ್ಪ ಹೆಂಡತಿ ಮಲ್ಲಿಕಾಂಬನೆದುರು ಮಾಡಿದ ಭೀಷ್ಮ ಪ್ರತಿಜ್ಞೆ ಇದು. ಹಾಲು ಕುಡಿದರೆ ಸಾಕು, ಅವರ ಹೊಟ್ಟೆ ಡೊಳ್ಳಾಗುತ್ತಿತ್ತು. ಬರೀ ಡೊಳ್ಳಲ್ಲ, ಬಾರಿಸುವ ಡೊಳ್ಳು! ತರೀಕೆರೆಯ ಡಾಕ್ಟರಮ್ಮ, "ಹಾಲಿನ ಸಕ್ಕರೆ ನಿಮಗೆ ಅರಗಲ್ಲ. ಹಾಲು ಬಿಡಿ. ರಾಗಿ, ಎಳ್ಳು, ಸೊಪ್ಪು ತಿನ್ನಿ, ಮೂಳೆಗೇನೂ ಮೋಸ ಆಗಲ್ಲ" ಅಂದಿದ್ದರು. ರಾಗಿರೊಟ್ಟಿ, ಎಳ್ಳುಚಟ್ನಿ, ನುಗ್ಗೆಸೊಪ್ಪಿನ ಪಲ್ಯಕ್ಕೆ ಹೊಟ್ಟೆ ಸಾಧುವಾಯಿತು. ಷಡಕ್ಷರಪ್ಪ ಯೂರಿಯಾ ಕೇಳಿ ಬಂದವರಿಗೂ ಪಥ್ಯ ಬೋಧಿಸತೊಡಗಿದರು!

ಅಷ್ಟರಲ್ಲಿ ಮಗಳು ಸಂಗೀತಾಗೆ ಶಿವನಿಯ ಸಂಬಂಧ ಕೂಡಿಬಂತು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಗಂಡಿನ ಮನೆ ನೋಡಲು ಗಂಡ ಹೆಂಡತಿ ಹೋದರು. ಹುಡುಗನ ತಾಯಿ ಸುಲೋಚನಮ್ಮ ಗೇಣುದ್ದದ ಲೋಟಗಳಲ್ಲಿ ಬಾದಾಮಿ ಹಾಲು ತಂದಿಟ್ಟರು.

"ಬೇಡ ತಾಯಿ, ನಮಗೆ ಆಗಿಬರಲ್ಲ," ಅಂದರು ಷಡಕ್ಷರಪ್ಪ.

ಸುಲೋಚನಮ್ಮನ ಮುಖ ಬಾಡಿತು. ಹುಡುಗನ ತಂದೆ ಈರಭದ್ರಪ್ಪ, "ಯಾಕೆ ಸ್ವಾಮಿ? ನಮ್ಮನೇಲಿ ಏನು ಕೊರತೆ ಕಂಡ್ರಿ?" ಅಂದರು.

ಮಲ್ಲಿಕಾಂಬ ಪಿಸುಗುಟ್ಟಿದರು: "ರೀ, ಆಗಿಬರದ್ದು ಹಾಲೋ ಸಂಬಂಧಾನೋ ಅವರಿಗೇನು ಗೊತ್ತು? ಬಿಡಿಸಿ ಹೇಳ್ರೀ!"

"ಹೊಟ್ಟೆ ಕತೆ ಹೇಳಿದ್ರೆ ರೋಗಿಷ್ಠರ ಮನೆ ಹೆಣ್ಣು ಅಂದಾರು ಕಣೇ!"

ಷಡಕ್ಷರಪ್ಪ ಶಿವನನ್ನು ನೆನೆದು ಗಟಗಟನೆ ಕುಡಿದೇಬಿಟ್ಟರು. "ಅಮೃತ ಕಣ್ರೀ!" ಈರಭದ್ರಪ್ಪನಿಗೆ ಉಸಿರು ಬಂತು. ಅವರೂ ಕಣ್ಣುಮುಚ್ಚಿ ತಮ್ಮ ಲೋಟ ಬರಿದು ಮಾಡಿದರು.

ಮಾತು ಮುಹೂರ್ತಕ್ಕೆ ಬರುವ ಹೊತ್ತಿಗೆ ನಡುಮನೆಯಲ್ಲಿ ಗುಡುಗಿತು. ಷಡಕ್ಷರಪ್ಪ ನಾಚಿ ಹೊಟ್ಟೆ ಹಿಡಿದುಕೊಂಡರು. ಎರಡನೇ ಗುಡುಗು ಎದುರಿನ ಕುರ್ಚಿಯಿಂದ ಬಂತು! ಇಬ್ಬರೂ ಒಟ್ಟಿಗೇ ಎದ್ದು ಹಿತ್ತಲಿಗೆ ಓಡಿದರು.

ಸುಲೋಚನಮ್ಮ ಸೆರಗು ಬಾಯಿಗಿಟ್ಟು ನಕ್ಕರು. "ಇವರಿಗೂ ಹಾಲು ಆಗಲ್ಲ ಕಣ್ರೀ! ನೀವು ಕುಡಿದ್ರಲ್ಲ, ಮರ್ಯಾದೆಗೆ ತಾವೂ ಕುಡಿದ್ರು!"

ಹಿತ್ತಲಲ್ಲಿದ್ದದ್ದು ಒಂದೇ ಬಾಗಿಲು.

"ಮೊದಲು ನೀವು ಹೋಗಿ, ಬೀಗರೇ!"

"ಎಲ್ಲಾದರೂ ಉಂಟೇ? ಗಂಡಿನ ಕಡೆಯವರು ನೀವು ಮೊದಲು, ಬೀಗರೇ!"

ಇಬ್ಬರೂ ಬೀಗರಾದದ್ದು ಹಾಗೆ. ಮರುಮಾತಿಗೆ ಪುರುಸೊತ್ತಿಲ್ಲದೆ ಈರಭದ್ರಪ್ಪ ಒಳನುಗ್ಗಿ ಚಿಲಕ ಜಡಿದರು. ಬೀಗರಿಗೆ ಆ ಹೆಸರು ಯಾಕೆ ಬಂತೆಂದು ಷಡಕ್ಷರಪ್ಪನಿಗೆ ಹೊರಗೆ ಕಾಲು ಹೆಣೆದು ನಿಂತಾಗ ಹೊಳೆಯಿತು!

ವಾಪಸಾಗುವಾಗ ಅವರಿಗೆ ಮತ್ತೆ ಹುರುಪು. "ಎಂಥ ಸಂಬಂಧ ಕಣೇ! ನಾಳೆಯೇ ಛತ್ರ ನೋಡಿಬಿಡೋಣ. ಹಾಲ್ ದೊಡ್ಡದಾಗಿರ್ಬೇಕು!"

"ಹಾಲ್ ವಿಷಯ ನೀವು ಎತ್ತಲೇಬೇಡಿ," ಅಂದರು ಮಲ್ಲಿಕಾಂಬ. "ಮೊದಲು ಟಾಯ್ಲೆಟ್ ಎಷ್ಟಿವೆ ಕೇಳ್ರೀ!"