ಎಕ್ಸ್‌ರೇ ಕೋಣೆಯ ಬಾಗಿಲಿನ ಎರಡು ಕಡೆ

ಎದೆಯ ಎಕ್ಸ್‌ರೇ ತೆಗೆಸಲು ಬರುವವರು ಹೆದರಿಕೊಂಡೇ ಬರುತ್ತಾರೆ. ಹೆದರಿದವರ ಬಾಯಲ್ಲಿ ಯಾವಾಗ ಎಂತ ಬರುತ್ತದೋ ಹೇಳಲಾಗದು. ಕುಂದಾಪುರದ ಆಸ್ಪತ್ರೆಯೊಂದರಲ್ಲಿ ಮೆಷಿನ್ ನಡೆಸುವ ನನಗೆ ದಿನಕ್ಕೊಂದಾದರೂ ಅಂಥ ಮಾತು ಸಿಗುತ್ತದೆ. ಆಗ ನಗುತ್ತೇನೆ. ಚಿತ್ರ ಪರದೆಗೆ ಬಂದ ಮೇಲೆ, ನಗಬಾರದಿತ್ತು ಅನ್ನಿಸುತ್ತದೆ.

ಹಿಡಿದ ಉಸಿರು

ನಾವುಂದದ ಅಜ್ಜಯ್ಯ ಒಬ್ಬರು. ಪ್ರಾಯದಲ್ಲಿ ದೋಣಿಗೆ ಹೋದವರು, ಈಗ ಕಿವಿ ಮಂದ. ಮೆಷಿನ್ ಎದುರು ನಿಲ್ಲಿಸಿ, "ಉಸ್ರ್ ಎಳ್ದ್ ಹಿಡ್ಕಣಿ" ಎಂದು ಕಿವಿಯ ಹತ್ತಿರವೇ ಕೂಗಿದೆ. ಹಿಡಿದರು. ಚಿತ್ರ ತೆಗೆದು, ಗಾಜಿನ ಆಚೆಯಿಂದ "ಆಯ್ತ್, ಬಿಡಿ" ಎಂದು ಹೇಳಿ, ಹೋಗಬಹುದೆಂದು ಕೈ ಮಾಡಿದೆ. ಅವರು ಕೆನ್ನೆ ಉಬ್ಬಿಸಿಕೊಂಡೇ ಹೊರಟರು.

ಹೊರಗಿದ್ದ ಮಗಳು ಗಾಬರಿಯಾಗಿ, "ಎಂತ ಆಯ್ತ್ ಅಪ್ಪಯ್ಯ?" ಎಂದು ಬೆನ್ನು ತಟ್ಟಿದಾಗ ಉಸಿರು ಬುಸ್ಸೆಂದು ಹೊರಬಂತು.

"ಆ ಹೆಣ್ಣ್ ಹಿಡ್ಕಣಿ ಅಂದ್ಳ್. ಬಿಡಿ ಅಂತ ಹೇಳ್ಲೇ ಇಲ್ಲ."

ಪಾಪ, ಅವರ ಎಡಗಡೆ ಎದೆಯಲ್ಲಿ ಅರ್ಧ ನೀರೇ ತುಂಬಿತ್ತು. ಉಳಿದರ್ಧದಲ್ಲೇ ಅಷ್ಟು ಹೊತ್ತು ನನ್ನ ಮಾತು ನಡೆಸಿಕೊಟ್ಟಿದ್ದರು.

ಕಾಣಬಾರದ್ದು

ಮುಂಬೈ ಹೋಟೆಲಿನಲ್ಲಿ ದುಡಿದು ಯಡ್ತರೆಗೆ ಮರಳಿದವರೊಬ್ಬರು ಅಂಗಿ ಬಿಚ್ಚುತ್ತಾ ಮೆಲ್ಲಗೆ ಕೇಳಿದರು: "ಇದ್ರೊಳಗೆ ಬೀಡಿ ಕಾಣತ್ತಾ?"

"ಬೀಡಿ ಕಾಣುದಿಲ್ಲ. ಹೊಗೆಯಿಂದ ಒಳಗೆ ಹಾಳಾದ್ದ್ ಕಾಣತ್ತ್."

ಅವರ ಮುಖ ಅರಳಿತು. "ಹಾಳಾದ್ದ್ ಕಂಡ್ರೆ ಅಡ್ಡಿಲ್ಲ. ಹೆಂಡ್ತಿ ಹೊರಗ್ ಕೂಕಂಡಿತ್, ಅದ್ಕ್ ಬೀಡಿ ಕಾಂಬುಕಾಗ."

ಹೊರಗಿನ ಮಾತು

ತ್ರಾಸಿಯ ಹೆಂಗಸೊಬ್ಬರು, ಈಗಿಲ್ಲ. ಕೆಮ್ಮು ಹತ್ತಿದ ಕೂಡಲೇ ಬಂದಿದ್ದರೆ ಉಳಿಯುತ್ತಿದ್ದರೋ ಏನೋ. ಮೀನು ಮಾರುವವರು, ಸೀಸನ್ ಮುಗಿಯಲಿ ಎಂದು ಕಾದರು. ಅವರನ್ನು ನೆನೆದಾಗಲೆಲ್ಲ ದುಃಖದ ಜೊತೆ ನಗುವೂ ಬರುತ್ತದೆ.

ಕರಿಮಣಿ ತೆಗೆದಿಡಿ ಎಂದರೆ ಒಪ್ಪಲಿಲ್ಲ. "ತೆಗ್ದಾಗ ಇವ್ರಿಗೆ ಎಂತಾರೂ ಆರೆ?"

ಗಂಡ ಹೊರಗಿದ್ದರು, ಒಳಗೆ ಕಣ್ಣೆದುರೇ ಇರಲಿ ಎಂದರು ಆಕೆ. ಕಿರಣ ಬೀಳುವುದರಿಂದ ಅವರನ್ನು ಒಳಗೆ ಬಿಡುವಂತಿಲ್ಲ ಎಂದೆ.

"ಹಂಗಾರೆ ಬಾಗ್ಲ್ ಹತ್ರ ಮಾತಾಡ್ತಾ ಇಪ್ಪುಕ್ ಹೇಳಿ. ನಂಗೆ ಸ್ವರ ಕೇಂಡ್ರೆ ಸಾಕ್."

ಗಂಡ ಮಾತೇ ಆಡದ ಮನುಷ್ಯ. "ಎಂತ ಮಾತಾಡುದ್?" ಎಂದು ಬೆವರಿದರು. ಎಂತಾದರೂ ಹೇಳಿ ಎಂದು ನಾನು ಬಾಗಿಲು ಹಾಕಿದೆ. ಅವರಿಗೆ ಕಂಡದ್ದು ಬಾಗಿಲ ಮೇಲಿನ ಬೋರ್ಡು. ಅದನ್ನೇ ದೊಡ್ಡ ಸ್ವರದಲ್ಲಿ ಓದತೊಡಗಿದರು:

"ಗರ್ಭಿಣಿಯರು ಮೊದಲೇ ತಿಳಿಸಬೇಕು. ಗರ್ಭಿಣಿಯರು ಮೊದಲೇ ತಿಳಿಸಬೇಕು."

ಒಳಗೆ ಆಕೆ ನಕ್ಕು ನಕ್ಕು ಮೊದಲ ಚಿತ್ರ ಹಾಳಾಯಿತು. ಎರಡನೆಯದು ಸರಿಯಾಗಿ ಬಂತು. ಬಲಗಡೆ ಇದ್ದ ದೊಡ್ಡ ಗೆಡ್ಡೆ ನನ್ನ ಕಣ್ಣಿಗೆ ಬಿತ್ತು. ಅದನ್ನು ಹೇಳಬೇಕಾದವರು ಡಾಕ್ಟರು. ನಾನು ಬಾಗಿಲು ತೆರೆದೆ.

ಆಕೆ ಕರಿಮಣಿ ಹಾಕಿಕೊಳ್ಳುತ್ತಾ ಗಂಡನನ್ನು ನೋಡಿದರು.

"ಮದಿ ಆದ್ ಮೇಲೆ ನೀವ್ ಇಷ್ಟ್ ಮಾತಾಡಿದ್ದ್ ಇದೇ ಸುರು. ಅದೂ ಬಸ್ರಿ ಹೆಂಗ್ಸ್ರ್ ಹತ್ರ."