ಹಳದಿ ಬೋರ್ಡಿನ ಮುಂದೆ ನಿಂತ ಕಾರು

ರ‍್ಯಾಲಿಯ ಗಡಿಯಾರದ ಮೇಲೆ ಮುನಿಶಾಮಪ್ಪನವರಿಗೆ ಇದ್ದಷ್ಟು ಸಿಟ್ಟು ಅವರ ದಾಯಾದಿಗಳ ಮೇಲೂ ಇರಲಿಲ್ಲ. ಇರಬಾರದೇ ಮತ್ತೆ? ಅಂಬಾಜಿದುರ್ಗದ ಸುತ್ತಿನ ಮಣ್ಣುರಸ್ತೆಯಲ್ಲಿ ನಡೆದ ಕಾರ್ ರ‍್ಯಾಲಿಯಲ್ಲಿ ಅವರ ಒಬ್ಬಳೇ ಮಗಳು ಲಾವಣ್ಯ ಭಾಗವಹಿಸಿದ್ದಳು. ಕಾರು ಓಡಿಸುವವಳು ಗೆಳತಿ ತನುಜ. ಪಕ್ಕದಲ್ಲಿ ಕೂತು ತಿರುವು ಎಲ್ಲಿ, ಹಳ್ಳ ಎಲ್ಲಿ ಎಂದು ದಾರಿ ಹೇಳುವವಳು ಲಾವಣ್ಯ. ಹೆಂಗಸರ ಪೈಕಿ ಇವರ ಕಾರೇ ಜೋರಾಗಿ ಓಡಿದ್ದನ್ನು ಮುರುಗಮಲ್ಲದ ಅರ್ಧ ಊರು ಕಣ್ಣಾರೆ ಕಂಡಿತ್ತು. ಬಹುಮಾನ ಕೊಡುವಾಗ ಮಾತ್ರ ಎರಡನೆಯ ಸ್ಥಾನ. ಎರಡು ನಿಮಿಷ ದಂಡ ಹಾಕಿದ್ದಾರಂತೆ.

"ಗಡಿಯಾರ ಕೆಟ್ಟಿತ್ತು," ಎಂದು ಮುನಿಶಾಮಪ್ಪನವರು ತೀರ್ಪು ಕೊಟ್ಟರು. ಹಾಲಿನ ಡೇರಿಯಲ್ಲಿ ಕೊಟ್ಟರು, ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟರು, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ನಡೆಯುತ್ತಿದ್ದ ಹರಾಜು ನಿಲ್ಲಿಸಿ ಕೊಟ್ಟರು. ಮಗಳು ಮಾತ್ರ "ಹೋಗ್ಲಿ ಬಿಡಪ್ಪ" ಎಂದು ಮುಖ ತಿರುಗಿಸುತ್ತಿದ್ದಳು. (ಎಷ್ಟು ನೊಂದಿದೆಯೋ ಕೂಸು ಎಂದು ಇವರ ಕರುಳು ಚುರುಕ್ಕೆನ್ನುತ್ತಿತ್ತು.)

ಅದೂ ಅಲ್ಲದೆ, ಆ ಗೆಲುವಿನಲ್ಲಿ ಅವರ ಬೆವರೂ ಇತ್ತು. ಟೈಮ್ ಬರೆದುಕೊಳ್ಳುವವರ ಮೇಜಿಗೆ ಸ್ವಲ್ಪ ಮುಂಚೆ ಒಂದು ಹಳದಿ ಬೋರ್ಡು. ಅದರ ಈಚೆಗೇ ಮಗಳ ಕಾರು ನಿಂತುಬಿಟ್ಟಿತ್ತು. ಇಂಜಿನ್ ಸದ್ದಿಲ್ಲ. ತನುಜ ಇಳಿದು ಗಾಜು ಒರೆಸುತ್ತಿದ್ದಾಳೆ, ಲಾವಣ್ಯ ಒಳಗೆ ವಾಚು ನೋಡುತ್ತಾ ಕೂತಿದ್ದಾಳೆ. ಕೆಟ್ಟು ನಿಂತ ಬಸ್ಸು, ಟ್ರ್ಯಾಕ್ಟರು, ಮದುವೆ ಗಂಡಿನ ಕಾರು ಎಲ್ಲವನ್ನೂ ತಳ್ಳಿದ ಅನುಭವಿ ಮುನಿಶಾಮಪ್ಪನವರು ಹೆಗಲ ಟವಲನ್ನು ತಲೆಗೆ ಬಿಗಿದು, "ಕೈ ಹಾಕ್ರಪ್ಪ" ಎಂದರು. ಊರಿಗೆ ಊರೇ ಕೈ ಹಾಕಿತು. ಲಾವಣ್ಯ ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಕಾರು ಬೋರ್ಡು ದಾಟಿತ್ತು. ಒಳಗಿನಿಂದ ಅವಳು ಎರಡೂ ಕೈ ಆಡಿಸಿ ಏನೋ ಕೂಗಿದಳು. ಹೆಲ್ಮೆಟ್ಟಿನಿಂದಾಗಿ ಕೇಳಿಸಲಿಲ್ಲವಾದರೂ ಮಗಳ ಕೃತಜ್ಞತೆ ಕಂಡು ತಂದೆಯ ಕಣ್ಣು ತುಂಬಿ ಬಂತು.

ಭಾನುವಾರ ರ‍್ಯಾಲಿ ಟೀವಿಯಲ್ಲಿ ಬರುವುದೆಂದು ಗೊತ್ತಾಯಿತು. ಗಡಿಯಾರದ ಮೋಸ ಲೋಕಕ್ಕೇ ಬಯಲಾಗಲಿ ಎಂದು ಮುನಿಶಾಮಪ್ಪನವರು ಟೀವಿಯನ್ನು ಜಗಲಿಗೆ ತಂದಿಟ್ಟು ಬೀದಿಯವರನ್ನೆಲ್ಲ ಕರೆದರು. ಹೆಂಡತಿ ಕದಿರಮ್ಮ ಎಲ್ಲರಿಗೂ ಕಡಲೆಪುರಿ ಹಂಚಿದರು. ಐದು ಗಂಟೆಗೆ ರ‍್ಯಾಲಿ ಎಂದಿದ್ದ ಚಾನೆಲ್ಲು ಆರಾದರೂ ಎಣ್ಣೆ ಬೇಡದ ಬಾಂಡ್ಲಿಯನ್ನೇ ಮಾರುತ್ತಿತ್ತು.

"ಏಮಣ್ಣಾ, ಕಾರು ಯಾವಾಗ ಬರೋದು?" ಎಂದ ಬಸ್ ಸ್ಟ್ಯಾಂಡಿನ ಅಂಗಡಿ ರಮೇಶ್‌ಬಾಬು. "ಆವಾಗ್ಲಿಂದ ಬಾಂಡ್ಲಿನೇ ಓಡ್ತಾ ಐತೆ."

"ನೋಡ್ದಾ, ಇವ್ರ ಗಡಿಯಾರನೂ ಕೆಟ್ಟೈತೆ," ಎಂದರು ಮುನಿಶಾಮಪ್ಪ.

ಅಂತೂ ರ‍್ಯಾಲಿ ಶುರುವಾಯಿತು. ಮೊದಲು ಧೂಳು, ಆಮೇಲೆ ಗಂಡಸರ ಕಾರು, ಮತ್ತೆ ಧೂಳು. ಕೊನೆಗೆ ಹಳದಿ ಬೋರ್ಡು ಕಾಣಿಸಿತು. ವೀಕ್ಷಕ ವಿವರಣೆಗಾರ ಗಂಭೀರವಾಗಿ ಹೇಳಿದ: "ಈ ಕಾರು ತನಗೆ ಕೊಟ್ಟ ನಿಮಿಷಕ್ಕಾಗಿ ಕಾಯುತ್ತಿದೆ. ರ‍್ಯಾಲಿಯಲ್ಲಿ ತಡವಾದರೆ ಮಾತ್ರವಲ್ಲ, ಬೇಗ ಬೋರ್ಡು ದಾಟಿದರೂ ದಂಡ. ಆದರೆ ಇವರು ಯಾರು? ಕಾರನ್ನು ಏಕೆ ತಳ್ಳುತ್ತಿದ್ದಾರೆ?"

ತಲೆಗೆ ಸುತ್ತಿದ ಟವಲನ್ನು ಜಗಲಿಯವರೆಲ್ಲ ಗುರುತು ಹಿಡಿದರು. ಮಗಳನ್ನು ಅರೆಕ್ಷಣ ತೋರಿಸಿದ ಚಾನೆಲ್ಲು ತಂದೆಯನ್ನು ಮಾತ್ರ ಮತ್ತೆ ಮತ್ತೆ, ನಿಧಾನವಾಗಿ ತೋರಿಸಿತು.

"ಗಡಿಯಾರ ಸರಿಯಾಗೇ ಐತಲ್ರೀ," ಎಂದರು ಕದಿರಮ್ಮ.

ಮುನಿಶಾಮಪ್ಪನವರು ಕಡಲೆಪುರಿ ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. "ಯಾಕಮ್ಮ ನಂಗೆ ಹೇಳ್ಲಿಲ್ಲ?" ಎಂದು ಅಲ್ಲಿ ನಿಂತಿದ್ದ ಮಗಳನ್ನು ಕೇಳಿದರು.

"ತಳ್ಳಿದ್ಮೇಲೆ ನೀನೇ ಓಡಿಬಂದು ನನ್ನ ಹೆಲ್ಮೆಟ್‌ಗೆ ಮುತ್ತು ಕೊಟ್ಟೆ ಕಣಪ್ಪ. ಹೆಂಗ್ ಹೇಳ್ಲಿ?"

ಅವರು ಟವಲಿನಲ್ಲಿ ಮುಖ ಮುಚ್ಚಿಕೊಂಡರು. ನಾಳೆ ಡೇರಿಗೆ, ಬಸ್ ಸ್ಟ್ಯಾಂಡಿಗೆ, ಮಂಡಿಗೆ ಯಾವ ಮುಖ ಹೊತ್ತು ಹೋಗುವುದು? ಟವಲಿನೊಳಗಿಂದಲೇ ದನಿ ಬಂತು. "ಎರಡು ನಿಮಿಷ ಕಳ್ಕೊಂಡೂ ಎರಡ್ನೇದು ಬಂದ್ರಾ?"

"ಹೂಂ ಕಣಪ್ಪ."

ಟವಲು ಮತ್ತೆ ಹೆಗಲೇರಿತು. "ಕೇಳುದ್ರೇನ್ರಪ್ಪ? ನಾನೇ ಅಡ್ಡ ಬಂದ್ರೂ ನನ್ ಮಗಳನ್ನ ಪೂರ್ತಿ ಸೋಲ್ಸಕ್ಕಾಗ್ಲಿಲ್ಲ."

"ಮುಂದಿನ ರ‍್ಯಾಲಿ ದಿನ ಇವ್ರನ್ನ ಕಂಬಕ್ಕೆ ಕಟ್ಟಾಕ್ತೀನಿ," ಎಂದರು ಕದಿರಮ್ಮ, ಜಗಲಿಯವರ ಕಡೆ ತಿರುಗಿ. "ಎಲ್ರೂ ಬಂದು ಒಂದು ಕೈ ಹಾಕಿ."

ಮುನಿಶಾಮಪ್ಪನವರು ಎದುರಾಡಲಿಲ್ಲ. "ಕಟ್ಟೇ, ಬೇಡ ಅನ್ನಲ್ಲ," ಎಂದರು. "ರಸ್ತೆ ಕಾಣೋ ಅಂಥ ಕಂಬಕ್ಕೆ ಕಟ್ಟು, ಅಷ್ಟೆ."