ಎತ್ತು ನೋಡುವ ಮಾವ, ಮರ ಕೊಯ್ಯುವ ಮಷೀನು

ನಾನು ಏನನ್ನಾದರೂ ಕೊಳ್ಳಲು ಹೊರಟರೆ ಒಂದಲ್ಲ ಒಂದು ತಮಾಷೆ ನಡೆದೇ ನಡೆಯುತ್ತದೆ. ಮಾವ ಜೊತೆಗಿದ್ದರಂತೂ ಕೇಳುವುದೇ ಬೇಡ. ಶಿರಾಳಕೊಪ್ಪದ ಸಾಮಿಲ್ಲೊಂದರಲ್ಲಿ ವರ್ಷಗಟ್ಟಲೆ ಬೇರೆಯವರ ಮರ ಕೊಯ್ದು ಸಾಕಾಗಿ ಕಳೆದ ವರ್ಷ ಕೆಲಸ ಬಿಟ್ಟೆ. ಟ್ರ್ಯಾಕ್ಟರಿಗೆ ಸಿಕ್ಕಿಸಿ, ರೈತರ ಮನೆ ಬಾಗಿಲಿಗೇ ಒಯ್ದು ದಿಮ್ಮಿ ಕೊಯ್ದುಕೊಡುವ ಗಾಲಿ ಮಷೀನು ನನ್ನದೇ ಒಂದು ಆಗಬೇಕಿತ್ತು. ಹೊಸದು ಕೈಗೆ ಎಟುಕುವಂತಿರಲಿಲ್ಲ. ಒಳ್ಳೆಯ ಹಳೇದು ಸಿಗದಿದ್ದರೆ ಹಲ್ಲು ಕಿರಿಯುತ್ತ ಮತ್ತೆ ಅದೇ ಸಾಮಿಲ್ಲಿನ ಸಾಹುಕಾರರ ಮುಂದೆ ಹೋಗಿ ನಿಲ್ಲಬೇಕು. ಅದೊಂದು ಮಾತ್ರ ನನಗೆ ಬೇಡವಾಗಿತ್ತು.

ಅವ್ವ ಒಂದೇ ಷರತ್ತು ಹಾಕಿದಳು: "ನಿಮ್ಮ ಮಾವನ್ನ ಬಿಟ್ಟು ಏನೂ ತಗೋಬ್ಯಾಡ." ಮಾವ ಎಂದರೆ ಅವ್ವನ ಅಣ್ಣ, ಶಿಕಾರಿಪುರದ ಕಡೆಯವರು, ಜೀವಮಾನವಿಡೀ ದನದ ಸಂತೆಯಲ್ಲಿ ದಲ್ಲಾಳಿ. ಮಷೀನಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು, ಅದು ಹುಲ್ಲು ತಿನ್ನುವುದಿಲ್ಲ ಎಂಬುದಷ್ಟೇ.

೧. ಹಸಿ ಬಣ್ಣ

ಮೊದಲನೆಯದು ಉಳವಿಯ ಹತ್ತಿರ. ಮಾಲೀಕ ಕಳಿಸಿದ್ದ ಫೋಟೋದಲ್ಲಿ ತುಕ್ಕು ಹಿಡಿದಿದ್ದ ಮಷೀನು ನಾವು ಹೋಗುವಷ್ಟರಲ್ಲಿ ಗಿಣಿಯ ಹಾಗೆ ಹಸಿರಾಗಿತ್ತು. ಬೆಲ್ಟಿಗೂ ಬಣ್ಣ, ಬೇರಿಂಗಿಗೆ ಗ್ರೀಸು ಹಾಕುವ ತೂತಿಗೂ ಬಣ್ಣ.

"ಸ್ಟಾರ್ಟ್ ಮಾಡ್ರೀ" ಎಂದೆ.

"ಇವತ್ತು ಸ್ಟಾರ್ಟ್ ಮಾಡಿದ್ರೆ ಬಣ್ಣ ಕೆಡ್ತದಲ್ರೀ" ಎಂದ ಮಾಲೀಕ.

ಮಾವ ಎತ್ತಿನ ಬೆನ್ನು ಸವರುವ ಹಾಗೆ ಎಂಜಿನ್ನು ಸವರಿದರು, ಪಕ್ಕೆಗೆ ಹೆಗಲು ಕೊಟ್ಟು ನೂಕಿದರು. ಒಳ್ಳೇ ಎತ್ತು ನೂಕಿದರೆ ಜರುಗುವುದಿಲ್ಲವಂತೆ. ಮಷೀನೂ ಜರುಗಲಿಲ್ಲ, ಮಾವನ ಬಿಳಿ ಅಂಗಿ ಮಾತ್ರ ಅರ್ಧ ಹಸಿರಾಯಿತು. ಬೇಡವೆಂದು ಹೊರಟರೆ ಮಾಲೀಕ ಹಿಂದೆಯೇ ಓಡಿಬಂದ. ಅಂಗಿ ಹಾಳಾದದ್ದಕ್ಕೆ ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡೆವು.

"ಒಂದು ಕಡೆ ಬಣ್ಣ ಪೂರಾ ನೀವೇ ಒಯ್ದ್ರಲ್ಲ ಯಜಮಾನ್ರೇ! ಸಂಜೆ ಬೇರೆಯವ್ರು ನೋಡಾಕೆ ಬರ್ತಾರೆ, ನಾನೇನು ತೋರಿಸ್ಲಿ?"

೨. ನಡಿಗೆ

ಎರಡನೆಯದು ಸೊರಬದ ಆಚೆ. ಎಂಜಿನ್ ಸದ್ದು ಚೆನ್ನಾಗಿತ್ತು, ಕೊಯ್ದ ಹಲಗೆ ನೆಟ್ಟಗಿತ್ತು. ನಾನು ಹೂಂ ಅನ್ನುವುದರೊಳಗೆ ಮಾವ, "ನಡೆಸಿ ತೋರ್ಸಪಾ" ಎಂದರು. ಮರ ಕೊಯ್ಯುವಾಗ ಇದು ನಿಂತೇ ಇರುತ್ತದೆ ಎಂದು ಮಾಲೀಕ ಎಷ್ಟು ಹೇಳಿದರೂ ಕೇಳಲಿಲ್ಲ. "ನಡಿಗೆ ನೋಡದೆ ಯಾವನಾದ್ರೂ ವ್ಯಾಪಾರ ಮಾಡ್ತಾನೇನು?"

ನನಗೆ ನಾಚಿಕೆಯೋ ನಾಚಿಕೆ. ಟ್ರ್ಯಾಕ್ಟರಿಗೆ ಕಟ್ಟಿ ಗದ್ದೆಯ ಸುತ್ತ ಎಳೆಸಿದರು. ಮಾವ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿ, "ಎಡಗಾಲು ಎಳೀತೈತೆ" ಎಂದರು. ಅವರ ಬಾಯಿ ಮುಚ್ಚುವುದರೊಳಗೆ ಎಡಗಡೆಯ ಗಾಲಿ ಕಳಚಿ, ಟ್ರ್ಯಾಕ್ಟರನ್ನೂ ಹಿಂದೆ ಹಾಕಿ, ದೂರದ ಕಾಲುವೆಗೆ ಹೋಗಿ ಬಿತ್ತು.

ಮಾಲೀಕ ಒಂದಿಷ್ಟೂ ಅಳುಕಲಿಲ್ಲ. "ನೋಡಿದ್ರಾ, ಬೇರಿಂಗ್ ಎಷ್ಟು ಫ್ರೀ ಅದೆ! ಯಾರೂ ಕೈ ಹಚ್ಚದೇನೇ ಅಲ್ಲೀತನಕ ಹೋಯ್ತು."

೩. ಟವೆಲ್ಲಿನ ಕೆಳಗೆ

ಮೂರನೆಯದು ಹೊಸಬಾಳೆಯಲ್ಲಿ. ಇದನ್ನು ನೋಡಿದ ಕೂಡಲೇ ನನ್ನ ಜೀವ ಅಲ್ಲೇ ಅಂಟಿಕೊಂಡಿತು. ಕೊಯ್ತ ನೆಟ್ಟಗೆ, ಗಾಲಿ ಗಟ್ಟಿ, ಕಾಗದಪತ್ರ ಸರಿ. ನಡಿಗೆಯಲ್ಲೂ ಪಾಸಾಯಿತು. ಆದರೆ ಮಧ್ಯಾಹ್ನ ಇನ್ನೊಬ್ಬ ಗಿರಾಕಿ ಬರುವವನಿದ್ದ. ಮಾಲೀಕ ಇಡೀ ಹೊತ್ತು ಬಲಗೈ ಜೇಬಿನಿಂದ ತೆಗೆದಿರಲಿಲ್ಲ. "ಭಾರೀ ಗತ್ತು" ಎಂದು ಮಾವ ಗೊಣಗಿದರು.

ರೇಟಿನ ಮಾತು ಬಂತು. ಮಾವ ಹೆಗಲ ಟವೆಲ್ ಇಳಿಸಿದರು. ದನದ ಸಂತೆಯಲ್ಲಿ ಬಾಯಲ್ಲಿ ರೇಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳೋ ಅಷ್ಟು. ಇಲ್ಲಿ ಅಷ್ಟು ಲಕ್ಷ. ಮಾಲೀಕ ಹಿಂದೆಮುಂದೆ ನೋಡುತ್ತಲೇ ಬಲಗೈಯನ್ನು ಟವೆಲ್ಲಿನೊಳಗೆ ತೂರಿಸಿದ. ಮಾವ ಐದು ಎಂಬ ಲೆಕ್ಕದಲ್ಲಿ ಇಡೀ ಕೈ ಹಿಡಿದರು.

"ಮೂರಕ್ಕೆ ಆಗಲ್ಲ ಬಿಡ್ರೀ."

"ಮೂರು ಅಂತ ಯಾರಂದ್ರು? ಸರಿಯಾಗಿ ನೋಡ್ಕೋ!" ಮಾವ ಇನ್ನೂ ಬಿಗಿಯಾಗಿ ಹಿಡಿದರು.

"ನೀವು ಎಷ್ಟು ಒತ್ತಿದ್ರೂ ಮೂರು ಮೂರೇ ರೀ."

ಅಷ್ಟರಲ್ಲಿ ರಸ್ತೆಯಲ್ಲಿ ಜೀಪಿನ ಹಾರ್ನ್ ಕೇಳಿತು. ಆ ಇನ್ನೊಬ್ಬ ಗಿರಾಕಿ! ಮಾಲೀಕ ಸಿಟ್ಟಿನಿಂದ ಟವೆಲ್ ಎತ್ತಿದ. ಕೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಹರೆಯದಲ್ಲೇ ಯಾವುದೋ ಗರಗಸ ತಿಂದಿತ್ತು.

"ಇನ್ನೆರಡು ಎಲ್ಲಿ ಹಿಡೀತೀರಿ ಯಜಮಾನ್ರೇ?"

"ಮಡಚ್ಕೊಂಡು ಆಟ ಆಡ್ತಾನೆ ಅಂದ್ಕೊಂಡೆ" ಎಂದು ಮಾವ ಪೆಚ್ಚಾದರು. ಮಾಲೀಕ ಎಡಗೈ ನೀಡಿದ. ಎಡಗೈ ವ್ಯಾಪಾರ ಮಾವನಿಗೆ ಆಗದು.

ಆಗ ಬಾಗಿಲಲ್ಲಿ ನಿಂತಿದ್ದ ಮಾಲೀಕನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಾವನ ಎದುರು ಕೂತರು. "ಮಷೀನು ನನ್ನ ಹೆಸರಲ್ಲೇ ಇರೋದು. ನನ್ನ ಕೈಯಾಗೆ ಐದೂ ಅದಾವೆ. ಹಿಡೀರಿ" ಎಂದು ಟವೆಲ್ಲಿನ ಕೆಳಗೆ ಕೈ ಚಾಚಿದರು.

ಮಾವ ಕೆಂಡ ತುಳಿದವರಂತೆ ಎದ್ದು ನಿಂತರು. ಹುಟ್ಟಿದಾಗಿನಿಂದ ಒಂದು ರೇಟನ್ನೂ ಬಾಯಲ್ಲಿ ಆಡದ ಮನುಷ್ಯ, ರಸ್ತೆಗೆ ಕೇಳುವ ಹಾಗೆ ಕೂಗಿದರು: "ಐದು ಲಕ್ಷ!"

"ಆಯ್ತು, ಒಯ್ಯಿರಿ" ಎಂದು ಆಕೆ ನಗುತ್ತ ಒಳಗೆ ಹೋದರು.

ಮಷೀನು ನನ್ನದಾಯಿತು. ಟ್ರ್ಯಾಕ್ಟರಿನಲ್ಲಿ ಬರುವಾಗ ಖುಷಿಗೆ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದೆ. ಮಾವ ಮಾತ್ರ ಶಿರಾಳಕೊಪ್ಪ ಬರುವ ತನಕ ಟವೆಲ್ ಮಡಚುತ್ತ, ಬಿಚ್ಚುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ, "ಇದನ್ನ ನಿಮ್ಮತ್ತೆ ಮುಂದೆ ಬಾಯಿ ಬಿಡಬ್ಯಾಡ" ಎಂದರು.

"ರೇಟಾ ಮಾವ?"

"ರೇಟು ಬೇಕಾದ್ರೆ ಡಂಗುರ ಸಾರು. ಆಯಮ್ಮ ಕೈ ಚಾಚಿದ್ದನ್ನ ಹೇಳಬ್ಯಾಡ."